ತೊಗರಿಯ ನೆಟೆ ರೋಗದಿಂದ ಎದ್ದ ಪ್ರಶ್ನೆ: ಅಲ್ಗಾರಿದಮ್ ಜೀವವನ್ನು ಎಷ್ಟರಮಟ್ಟಿಗೆ ಓದಬಲ್ಲದು?

ಎರೆಹೊಲ (ಆಳಂದ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಮುಗಿಸಿ ಊರಿಗೆ ಮರಳಿ ತೊಗರಿ ಬೆಳೆಯುತ್ತಿರುವವನು. ಎರಡು ಮುಂಗಾರುಗಳ ಹಿಂದೆ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ನಮ್ಮ ಹೊಲದ ತಗ್ಗಿನ ಭಾಗದಲ್ಲಿ ಗಿಡಗಳು ಅಲ್ಲೊಂದು ಇಲ್ಲೊಂದು ಬಾಡತೊಡಗಿದವು. ಮೊಬೈಲಿನಲ್ಲಿದ್ದ ಒಂದು ಕೃಷಿ ಆ್ಯಪಿಗೆ ಎಲೆಯ ಚಿತ್ರ ಕೊಟ್ಟೆ. ನೀರಿನ ಕೊರತೆ ಎಂದು ಉತ್ತರ ಬಂತು. ಮರುದಿನ ಪಕ್ಕದ ಗಿಡದ ಚಿತ್ರ ಕೊಟ್ಟಾಗ ಸಾರಜನಕದ ಕೊರತೆ ಎಂದಿತು. ನೆರೆಹೊಲದ ಹಿರಿಯರು ಬಂದು, ಗಿಡ ಕಿತ್ತು, ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ, ತೊಗಟೆಯ ಕೆಳಗೆ ಮೇಲ್ಮುಖವಾಗಿ ಓಡಿದ್ದ ಕಪ್ಪು ಗೆರೆಗಳನ್ನು ತೋರಿಸಿ, ಇದು ನೆಟೆ ಎಂದು ಒಂದೇ ಮಾತಿನಲ್ಲಿ ಹೇಳಿದರು. ಅಷ್ಟರಲ್ಲಿ ನಾನು ಯೂರಿಯಾಕ್ಕೆ ದುಡ್ಡು ಕೊಟ್ಟಾಗಿತ್ತು.

ದುಡ್ಡಿನ ಮಾತು ಇರಲಿ. ತೊಗರಿಯ ಜೀನೋಮನ್ನು, ಅಂದರೆ ಅದರ ಡಿಎನ್‌ಎಯ ಇಡೀ ಬರಹವನ್ನು, ಕಂಪ್ಯೂಟರಿನಲ್ಲಿ ಪೂರ್ತಿ ಓದಿ ಮುಗಿಸಿದ್ದಾರೆ ಎಂದು ಓದಿದ್ದೇನೆ. ನನ್ನ ತಮ್ಮನ ಮಗಳು, ಈಗ ಇಂಜಿನಿಯರಿಂಗ್ ಓದುತ್ತಿರುವವಳು, ಜೀವವೇ ಒಂದು ಪ್ರೋಗ್ರಾಮ್ ಎಂದು ವಾದಿಸುತ್ತಾಳೆ. ಪ್ರೋಗ್ರಾಮನ್ನು ಅಕ್ಷರ ಅಕ್ಷರವಾಗಿ ಓದಿದ ಯಂತ್ರಕ್ಕೆ ಬಾಡಿದ ಗಿಡದ ರೋಗ ತಿಳಿಯದೆ ಹೋದದ್ದು ಹೇಗೆ? ತಿಳಿದವರು ಬಿಡಿಸಿ ಹೇಳಬೇಕು.

ಗಣಕಮೇಜು (ಕಲಬುರಗಿ, ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ)

ನಿಮ್ಮ ಪ್ರಶ್ನೆಯಲ್ಲಿರುವ 'ಓದುವುದು' ಎಂಬ ಕ್ರಿಯಾಪದ ಎರಡು ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದೆ. ಜೀನೋಮನ್ನು ಓದಿದ್ದು ಒಂದು ಅಲ್ಗಾರಿದಮ್ (ಹಂತಹಂತವಾಗಿ ಲೆಕ್ಕ ಬಿಡಿಸುವ ವಿಧಾನ), ನಿಮ್ಮ ಎಲೆಯನ್ನು ನೋಡಿದ್ದು ಇನ್ನೊಂದು. ಇವೆರಡಕ್ಕೂ ದೂರದ ನೆಂಟಸ್ತಿಕೆಯೂ ಕಡಿಮೆ. (ಪಠ್ಯಗಳಲ್ಲಿ ಅಲ್ಗಾರಿದಮಿಗೆ 'ಕ್ರಮಾವಳಿ' ಎಂಬ ಒಳ್ಳೆಯ ಪದವಿದೆ. ತರಗತಿಯಲ್ಲಿ ಬಳಸಿ ನೋಡಿದೆ, ಮಕ್ಕಳು ಸಂಗೀತದ ಪಾಠ ಎಂದುಕೊಂಡರು.) ಮೊದಲನೆಯದನ್ನು ನಾನು ವಿವರಿಸುತ್ತೇನೆ.

ಡಿಎನ್‌ಎಯನ್ನು ಯಾವ ಯಂತ್ರವೂ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದುವುದಿಲ್ಲ. ತೊಗರಿಯ ಜೀನೋಮಿನ ಅಂದಾಜು ಉದ್ದ 83 ಕೋಟಿ ಅಕ್ಷರಗಳು (ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ ಅದು). ಅದನ್ನು ಓದಿದ ಕಾಲದ ಯಂತ್ರಗಳು ಒಂದು ಸಲಕ್ಕೆ ಓದುತ್ತಿದ್ದುದು ನೂರು ಅಕ್ಷರಗಳ ಆಸುಪಾಸಿನ ತುಣುಕುಗಳನ್ನು. ನಮ್ಮ ಕಡೆಯ ಮದುವೆಯ ಆಮಂತ್ರಣ ಪತ್ರಿಕೆಯನ್ನು ನೆನಪಿಸಿಕೊಳ್ಳಿ. ಒಂದೇ ಪತ್ರಿಕೆಯ ಐವತ್ತು ಪ್ರತಿಗಳನ್ನು ಕತ್ತರಿಯಿಂದ ಮನಬಂದಂತೆ ಕತ್ತರಿಸಿ, ಚೂರುಗಳನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಮೂಲ ಪತ್ರಿಕೆಯನ್ನು ಮರಳಿ ಬರೆಯಿರಿ ಎಂದರೆ ಏನು ಮಾಡುತ್ತೀರಿ? ಒಂದು ಚೂರಿನ ಕೊನೆಯೂ ಮತ್ತೊಂದರ ಮೊದಲೂ ಹೊಂದಿದಲ್ಲಿ ಜೋಡಿಸುತ್ತೀರಿ. ವಧುವಿನ ಹೆಸರಿರುವ ಚೂರು ಸುಲಭವಾಗಿ ಕೂಡಿಕೊಳ್ಳುತ್ತದೆ. ಆದರೆ 'ಶ್ರೀಮತಿ ಮತ್ತು ಶ್ರೀ' ಎಂದಷ್ಟೇ ಇರುವ ಚೂರು ಬಂಧುಗಳ ಪಟ್ಟಿಯಲ್ಲಿ ಮೂವತ್ತು ಕಡೆ ಹೊಂದುತ್ತದೆ, ಎಲ್ಲಿಡಬೇಕೆಂಬುದು ತಿಳಿಯುವುದಿಲ್ಲ. ತೊಗರಿಯ ಜೀನೋಮಿನಲ್ಲಿ ಅರ್ಧದಷ್ಟು ಭಾಗ ಇಂಥ ಪುನರಾವೃತ್ತಿಯೇ.

ಚೂರುಗಳನ್ನು ಊರುಗಳೆಂದೂ ಹೊಂದಾಣಿಕೆಗಳನ್ನು ದಾರಿಗಳೆಂದೂ ಭಾವಿಸಿ, ಪ್ರತಿ ಊರನ್ನೂ ಒಂದೇ ಬಾರಿ ಮುಟ್ಟುವ ಪಯಣವನ್ನು ಹುಡುಕಲು ಹೊರಟರೆ, ಅದು ಹ್ಯಾಮಿಲ್ಟನ್ ಪಥದ ಸಮಸ್ಯೆಯಾಗುತ್ತದೆ. ಊರುಗಳು ಹೆಚ್ಚಿದಂತೆ ಅದಕ್ಕೆ ಬೇಕಾಗುವ ಸಮಯ ಯಾವ ಕಂಪ್ಯೂಟರಿನ ಅಳವಿಗೂ ಸಿಗದಂತೆ ಬೆಳೆಯುತ್ತದೆ. 2001ರಲ್ಲಿ ಪೆವ್ಜ್‌ನರ್, ಟ್ಯಾಂಗ್ ಮತ್ತು ವಾಟರ್‌ಮನ್ ಈ ಸಮಸ್ಯೆಯನ್ನು ಮಗುಚಿ ಹಾಕಿದರು. ಪ್ರತಿ ಚೂರನ್ನೂ ಇನ್ನೂ ಸಣ್ಣ, ಸಮಾನ ಉದ್ದದ ತುಣುಕುಗಳಾಗಿ ಒಡೆದು, ತುಣುಕನ್ನೇ ದಾರಿಯನ್ನಾಗಿ ಮಾಡಿದರು: 'ಎಟಿಜಿ' ಎಂಬುದು 'ಎಟಿ' ಎಂಬ ಊರಿನಿಂದ 'ಟಿಜಿ' ಎಂಬ ಊರಿಗೆ ಹೋಗುವ ದಾರಿ. ಈಗ ಪ್ರತಿ ದಾರಿಯನ್ನೂ ಒಂದೇ ಬಾರಿ ತುಳಿಯುವ ನಡಿಗೆ ಸಿಕ್ಕರೆ ಸಾಕು. ಇದು 1736ರಲ್ಲಿ ಆಯ್ಲರ್ ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಬಗ್ಗೆ ಬಿಡಿಸಿದ ಪ್ರಶ್ನೆಯೇ ಆಗಿದೆ, ಮತ್ತು ಇದಕ್ಕೆ ವೇಗವಾದ ಪರಿಹಾರವಿದೆ. ಒಡೆದಷ್ಟೂ ಗೊಂದಲ ಹೆಚ್ಚಬೇಕೆಂದು ತೋರುವಲ್ಲಿ ಒಡೆಯುವುದರಿಂದಲೇ ಲೆಕ್ಕ ಹಗುರಾಯಿತು ಎಂಬುದು ನನಗೆ ಇಂದಿಗೂ ಸೋಜಿಗ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ (ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಮುಂದಾಳತ್ವದ ತಂಡ 'ಆಶಾ' ತಳಿಯ ಜೀನೋಮನ್ನು 2012ರಲ್ಲಿ ಪ್ರಕಟಿಸಿದಾಗ ಜೋಡಿಸಲು ಸಾಧ್ಯವಾಗಿದ್ದುದು ಸುಮಾರು 60.6 ಕೋಟಿ ಅಕ್ಷರಗಳು, ಅಂದರೆ ಅಂದಾಜಿನ ಶೇಕಡ 73ರಷ್ಟು. ಆದುದರಿಂದ 'ಪೂರ್ತಿ ಓದಿ ಮುಗಿಸಿದ್ದಾರೆ' ಎಂಬುದನ್ನು ತುಸು ತಿದ್ದಿಕೊಳ್ಳಬೇಕು. ಆ ಅಕ್ಷರಗಳಲ್ಲಿ 48,680 ಜೀನುಗಳಿವೆ ಎಂದು ಹೇಳಿದ್ದೂ ಅಲ್ಗಾರಿದಮಿನ ಊಹೆಯೇ. ಒಂದೊಂದನ್ನೂ ಪ್ರಯೋಗದಿಂದ ಕಂಡು ಎಣಿಸಿದ್ದಲ್ಲ.

ಭೀಮಾತೀರ (ಯಾದಗಿರಿ, ವಿದ್ಯಾರ್ಥಿ)

ಸರ್, ಹ್ಯಾಮಿಲ್ಟನ್ ಪಥದ ವಿಷಯ ಬಂದುದರಿಂದ ಕೇಳುತ್ತೇನೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಏಡಲ್‌ಮನ್ 1994ರಲ್ಲಿ ಇದೇ ಸಮಸ್ಯೆಯನ್ನು ಡಿಎನ್‌ಎ ಬಳಸಿ ಬಿಡಿಸಿದರೆಂದು ಓದಿದ್ದೇನೆ. ಹಾಗಾದರೆ ಡಿಎನ್‌ಎಯನ್ನು ಓದಲು ನಾವು ಯಾವ ಸಮಸ್ಯೆಯಿಂದ ತಪ್ಪಿಸಿಕೊಂಡೆವೋ ಅದನ್ನೇ ಡಿಎನ್‌ಎ ಬಿಡಿಸಿತೇ?

ಗಣಕಮೇಜು

ಹೌದು, ಈ ವ್ಯಂಗ್ಯವನ್ನು ನೀವು ಗಮನಿಸಿದ್ದು ಸಂತೋಷ. ಏಳು ಊರುಗಳ ನಕ್ಷೆಗೆ ಊರಿಗೊಂದು, ದಾರಿಗೊಂದು ಡಿಎನ್‌ಎ ಎಳೆಯನ್ನು ಮಾಡಿ, ಕೊಳವೆಯಲ್ಲಿ ಬೆರೆಸಿ, ಕೋಟ್ಯಂತರ ಎಳೆಗಳು ಏಕಕಾಲದಲ್ಲಿ ತಾವೇ ಜೋಡಿಕೊಂಡ ಮೇಲೆ ಬೇಡದ ಜೋಡಣೆಗಳನ್ನು ಹಂತಹಂತವಾಗಿ ಸೋಸಿ ಉತ್ತರ ತೆಗೆದರು. ಬೆರೆಯುವುದು ಕ್ಷಣದ ಕೆಲಸ, ಸೋಸಲು ಹಿಡಿದದ್ದು ಸುಮಾರು ಏಳು ದಿನ. ಆದರೆ ಇನ್ನೂರು ಊರುಗಳಿಗೆ ಇದೇ ವಿಧಾನವನ್ನು ಬಳಸಿದರೆ ಬೇಕಾಗುವ ಡಿಎನ್‌ಎಯ ತೂಕ ಭೂಮಿಯ ತೂಕವನ್ನೂ ಮೀರುತ್ತದೆ ಎಂದು ಮರುವರ್ಷವೇ ಹಾರ್ಟ್‌ಮಾನಿಸ್ ಎಂಬ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಸಮಯದಲ್ಲಿ ಉಳಿಸಿದ್ದನ್ನು ತೂಕದಲ್ಲಿ ತೆರಬೇಕಾಯಿತು.

ಬೇರುಕಾಂಡ (ಕಲಬುರಗಿ, ಸಸ್ಯರೋಗ ಶಾಸ್ತ್ರ ಓದಿದವಳು)

ಎರೆಹೊಲ ಅವರ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ನಾನು ಮುಂದುವರಿಸುತ್ತೇನೆ.

ನೆಟೆ ರೋಗವನ್ನು ತರುವುದು ಫ್ಯುಸೇರಿಯಮ್ ಉಡಮ್ ಎಂಬ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರ. ಅದು ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳಲ್ಲಿ ಬೆಳೆಯುತ್ತದೆ, ನಾಳಗಳು ಕಟ್ಟಿಕೊಳ್ಳುತ್ತವೆ, ಹೊಲದಲ್ಲಿ ತೇವವಿದ್ದರೂ ಗಿಡ ನೀರಿಲ್ಲದಂತೆ ಬಾಡುತ್ತದೆ. ಆದುದರಿಂದ ಎಲೆಯ ಚಿತ್ರವನ್ನಷ್ಟೇ ನೋಡಿ 'ನೀರಿನ ಕೊರತೆ' ಎಂದದ್ದು ಒಂದರ್ಥದಲ್ಲಿ ಸುಳ್ಳೂ ಅಲ್ಲ. ಎಲೆಗೆ ನೀರು ತಲುಪಿಲ್ಲ. ಏಕೆ ತಲುಪಿಲ್ಲ ಎಂಬ ಗುರುತು ಎಲೆಯಲ್ಲಿ ಇಲ್ಲ. ಅದು ಸೀಳಿದ ಕಾಂಡದ ಕಪ್ಪು ಗೆರೆಯಲ್ಲಿದೆ, ಬುಡದಿಂದ ಮೇಲಕ್ಕೆ ಹಬ್ಬುವ ನೇರಳೆ ಬಣ್ಣದ ಪಟ್ಟಿಯಲ್ಲಿದೆ, ರೋಗ ಹೊಲದಲ್ಲಿ ತೇಪೆತೇಪೆಯಾಗಿ ಕಾಣಿಸಿಕೊಂಡ ಬಗೆಯಲ್ಲಿದೆ, ಹೋದ ವರ್ಷ ಅದೇ ಹೊಲದಲ್ಲಿ ಏನಿತ್ತು ಎಂಬುದರಲ್ಲಿದೆ. ನಿಮ್ಮ ನೆರೆಹೊಲದ ಹಿರಿಯರು ಇವಿಷ್ಟನ್ನೂ ನೋಡಿದ್ದಾರೆ. ಯಂತ್ರಕ್ಕೆ ಕೊಟ್ಟದ್ದು ಒಂದು ಎಲೆ.

ಇಂಥ ಆ್ಯಪುಗಳ ಹಿಂದಿರುವ ಬಗೆಯ ಸಂಶೋಧನೆಗೆ ಒಂದು ಹೆಸರಾಂತ ಉದಾಹರಣೆ ಹೇಳುತ್ತೇನೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ಲಾಂಟ್‌ವಿಲೇಜ್ ಸಂಗ್ರಹದ 54,306 ಎಲೆ ಚಿತ್ರಗಳಿಂದ ಕಲಿಸಿದ ನರಜಾಲವು (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಮ್) ಅದೇ ಸಂಗ್ರಹದಿಂದ ಎತ್ತಿಟ್ಟಿದ್ದ ಚಿತ್ರಗಳನ್ನು ಶೇಕಡ 99.35ರಷ್ಟು ಸರಿಯಾಗಿ ಗುರುತಿಸಿತು. ಅದೇ ಜಾಲಕ್ಕೆ ಬೇರೆಡೆಯಿಂದ ತಂದ ಚಿತ್ರಗಳನ್ನು ಕೊಟ್ಟಾಗ ಅಂಕ ಶೇಕಡ 31ರ ಆಸುಪಾಸಿಗೆ ಇಳಿಯಿತು. ಸಂಗ್ರಹದ ಚಿತ್ರಗಳೆಲ್ಲ ಒಂದೊಂದೇ ಎಲೆಯನ್ನು ಕಿತ್ತು, ಸಮತಟ್ಟಾದ ಹಿನ್ನೆಲೆಯ ಮೇಲಿಟ್ಟು ತೆಗೆದವು. ಈ ಇಳಿಕೆಯನ್ನು ಬರೆದವರೇ ಮುಚ್ಚಿಡದೆ ಹೇಳಿದ್ದಾರೆಂಬುದು ಅವರ ಹಿರಿಮೆ. ಆ ಸಂಗ್ರಹದಲ್ಲಿದ್ದ 14 ಬೆಳೆಗಳಲ್ಲಿ ಸೇಬು, ದ್ರಾಕ್ಷಿ, ಟೊಮೆಟೊ, ಸ್ಟ್ರಾಬೆರಿ ಎಲ್ಲವೂ ಇವೆ, ತೊಗರಿ ಇಲ್ಲ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬೇಳೆಯ ಗಿಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಇನ್ನು ಜೀನೋಮಿನ ವಿಷಯ. ಅದು ಈ ಗಿಡ ಇಂದು ಹೇಗಿದೆ ಎಂದು ಹೇಳುವುದಿಲ್ಲ. ಅದರ ಕೆಲಸ ತಳಿ ಬೆಳೆಸುವವರ ಹೊಲದಲ್ಲಿದೆ. 'ಮಾರುತಿ' ತಳಿಯನ್ನು ಇಲ್ಲಿ ಎಲ್ಲರೂ ಬಲ್ಲರು. ಅದು ನೆಟೆಯನ್ನು ತಡೆಯುವ ತಳಿಯೆಂದೇ ಬಂದದ್ದು, ಆದರೆ ನುಸಿ ಹರಡುವ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಎರಡನ್ನೂ ತಡೆಯುವ ಗುಣ 'ಆಶಾ' ತಳಿಗಿದೆ. ಇಂಥ ಗುಣಗಳ ಜೊತೆಗೆ ಜೀನೋಮಿನ ಯಾವ ಜಾಗದ ಅಕ್ಷರಗಳು ಸಾಗಿಬರುತ್ತವೆ ಎಂದು ನೂರಾರು ತಳಿಗಳನ್ನು ಹೋಲಿಸಿ ಕಂಡುಕೊಂಡರೆ, ಮುಂದಿನ ಸಂಕರಣದಲ್ಲಿ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿ, ಗಿಡ ಬೆಳೆದು ರೋಗ ಬರುವವರೆಗೆ ಕಾಯದೆ, ಬೇಕಾದ ಸಸಿಯನ್ನು ಆರಿಸಬಹುದು. ಉಳಿಯುವುದು ಕಾಲ. ಆದರೂ ಆರಿಸಿದ ತಳಿಯನ್ನು ಕೊನೆಗೆ ನೆಟೆ ತುಂಬಿದ ಮಣ್ಣಿನಲ್ಲಿ ಬಿತ್ತಿಯೇ ನೋಡಬೇಕು, ಏಕೆಂದರೆ ಈ ಶಿಲೀಂಧ್ರದಲ್ಲೂ ಹಲವು ಬಗೆಗಳಿವೆ. ಒಂದು ಊರಿನ ಮಣ್ಣಿನಲ್ಲಿ ಗೆದ್ದ ತಳಿ ಇನ್ನೊಂದು ಊರಿನಲ್ಲಿ ಸೋಲಬಹುದು.

ನೌಬಾದ್ ನಿವಾಸಿ (ಬೀದರ್ ಮೂಲ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗ)

ಎಲ್ಲರ ಮಾತನ್ನೂ ಗೌರವಿಸುತ್ತಲೇ ಆ ಇಂಜಿನಿಯರಿಂಗ್ ವಿದ್ಯಾರ್ಥಿನಿಯ ಪರವಾಗಿ ನಿಲ್ಲುತ್ತೇನೆ. ನಾಲ್ಕು ಅಕ್ಷರಗಳ ಲಿಪಿ, ಮೂರು ಮೂರು ಅಕ್ಷರಗಳ 64 ಸಂಕೇತಗಳು, ಅವುಗಳಿಂದ ಪ್ರೋಟೀನನ್ನು ಕಟ್ಟುವ 20 ಅಮೈನೋ ಆಮ್ಲಗಳು, ನಿಲ್ಲಿಸು ಎಂದು ಹೇಳಲು ಪ್ರತ್ಯೇಕ ಸಂಕೇತಗಳು: ಇದು ಪ್ರೋಗ್ರಾಮ್ ಅಲ್ಲದಿದ್ದರೆ ಯಾವುದು? ವಿಕಾಸವನ್ನೂ ಅಲ್ಗಾರಿದಮ್ ಎಂದೇ ನೋಡಬಹುದು: ನಕಲು ಮಾಡು, ಅಲ್ಪಸ್ವಲ್ಪ ಬದಲಿಸು, ಉಳಿದದ್ದನ್ನು ಮತ್ತೆ ನಕಲು ಮಾಡು. ಜಾನ್ ಹಾಲೆಂಡ್ 1975ರಲ್ಲಿ ಇದನ್ನೇ ಜೆನೆಟಿಕ್ ಅಲ್ಗಾರಿದಮ್ ಎಂದು ಕಂಪ್ಯೂಟರಿಗೆ ತಂದರು. 2006ರಲ್ಲಿ ನಾಸಾದ ಎಸ್‌ಟಿ-5 ಪುಟ್ಟ ಉಪಗ್ರಹಗಳ ಜೊತೆ ಆಕಾಶಕ್ಕೆ ಹೋದ, ಸೊಟ್ಟಂಪಟ್ಟ ಕಡ್ಡಿಯಂತಿದ್ದ ಆಂಟೆನಾದ ಆಕಾರವನ್ನು ಯಾವ ಇಂಜಿನಿಯರೂ ಬರೆಯಲಿಲ್ಲ, ಇಂಥ ಅಲ್ಗಾರಿದಮ್ ಹುಡುಕಿ ತಂದಿತು. ಪ್ರಕೃತಿಯ ಪ್ರೋಗ್ರಾಮನ್ನು ಎರವಲು ತಂದಾಗ ಅದು ನಮ್ಮ ಯಂತ್ರದಲ್ಲೂ ನಡೆಯಿತೆಂದರೆ, ಎರಡರ ಹೂರಣವೂ ಒಂದೇ ಎಂದು ಒಪ್ಪಲು ಅಡ್ಡಿ ಏನು?

ಬೇರುಕಾಂಡ

ನಮ್ಮ ಬೀದರ್ ಸೀಮೆಯ ದೇವಣಿ ದನವನ್ನೇ ತೆಗೆದುಕೊಳ್ಳೋಣ. ಹಾಲೂ ಬೇಕು, ಉಳುಮೆಗೂ ಬೇಕು ಎಂದು ಸಾಕಿದವರು ತಲೆಮಾರುಗಳಿಂದ ಆರಿಸುತ್ತ ಬಂದರು. ಆರಿಸಿದವರಿಗೆ ಗುರಿ ಇತ್ತು. ಹಾಲೆಂಡರ ವಿಧಾನ ಹೋಲುವುದು ಈ ದನಗಾಹಿಯ ಆಯ್ಕೆಯನ್ನು, ಏಕೆಂದರೆ ಅದರಲ್ಲೂ ಯಾವುದು ಉತ್ತಮ ಎಂಬ ಅಂಕವನ್ನು ಮೊದಲೇ ಯಾರೋ ಬರೆದಿಟ್ಟಿರುತ್ತಾರೆ. ನೆಟೆಯ ಶಿಲೀಂಧ್ರಕ್ಕೆ ಅಂಥ ಅಂಕಪಟ್ಟಿ ಇಲ್ಲ. ನಾವು ತಳಿ ಬದಲಿಸಿದರೆ ಅದಕ್ಕೆ ಒಳ್ಳೆಯದೆಂಬುದರ ಅರ್ಥವೇ ಬದಲಾಗುತ್ತದೆ, ಅದು ಬದಲಾದರೆ ನಮ್ಮ ತಳಿಯದ್ದು ಬದಲಾಗುತ್ತದೆ. ಉತ್ತರ ಸಿಕ್ಕಿತೆಂದು ನಿಲ್ಲುವ ಹಂತವೂ ಇಲ್ಲ.

ಗಣಕಮೇಜು

ನಾನೂ ಒಂದು ಆಕ್ಷೇಪಣೆ ಸೇರಿಸುತ್ತೇನೆ, ಇದು ನಮ್ಮ ಶಾಸ್ತ್ರದ ಒಳಗಿನಿಂದಲೇ ಬಂದದ್ದು. 1996ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಏಡ್ರಿಯನ್ ಥಾಂಪ್ಸನ್, 1 ಕಿಲೋಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಸ್ವರಗಳನ್ನು ಬೇರ್ಪಡಿಸಿ ಹೇಳುವ ವಿದ್ಯುತ್ ಮಂಡಲವನ್ನು (ಸರ್ಕ್ಯೂಟ್), ಲೆಕ್ಕದಲ್ಲಿ ಅನುಕರಿಸದೆ ನಿಜವಾದ ಸಿಲಿಕಾನ್ ಚಿಪ್‌ನ ಮೇಲೆಯೇ ವಿಕಾಸಗೊಳಿಸಿದರು. ಕೊನೆಗೆ ಮಂಡಲ ಚೆನ್ನಾಗಿ ಕೆಲಸ ಮಾಡಿತು. ಬಿಡಿಸಿ ನೋಡಿದಾಗ, ಉಳಿದವುಗಳೊಂದಿಗೆ ತಂತಿಯ ಸಂಪರ್ಕವೇ ಇಲ್ಲದ, ಚಿಪ್‌ನ ಕೆಲವು ಕೋಶಗಳನ್ನು ತೆಗೆದರೂ ಕೆಲಸ ಕೆಡುತ್ತಿತ್ತು. ಉಷ್ಣತೆ ತೀರ ಬದಲಾದರೆ ಎಡವುತ್ತಿತ್ತು (ನಮ್ಮ ಮೇ ತಿಂಗಳಿನ ಕಲಬುರಗಿಗೆ ತಂದಿದ್ದರೆ ಅದರ ಗತಿ ಏನಾಗುತ್ತಿತ್ತೋ). ಅಂದರೆ ವಿಕಾಸವು ವಿನ್ಯಾಸಕಾರ ಪಟ್ಟಿ ಮಾಡಿದ ಸೊನ್ನೆ ಒಂದುಗಳ ಮೇಲೆ ಮಾತ್ರ ಆಡಲಿಲ್ಲ. ಸಿಲಿಕಾನಿನ ಭೌತಿಕ ಗುಣಗಳಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಬಳಸಿಕೊಂಡಿತು.

ಪ್ರೋಗ್ರಾಮನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಎತ್ತಿಟ್ಟರೂ ಅದೇ ಫಲ ಬರಬೇಕು. ವಿಕಾಸದಿಂದ ಹುಟ್ಟಿದ್ದಕ್ಕೆ ಆ ಕಟ್ಟುಪಾಡಿಲ್ಲ, ಅದು ತಾನು ಬೆಳೆದ ಸ್ಥಳಕ್ಕೆ ಅಂಟಿಕೊಂಡಿರುತ್ತದೆ. ಡಿಎನ್‌ಎಯ ಸಂಕೇತಪಟ್ಟಿ ಪ್ರೋಗ್ರಾಮಿನಂತಿದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ; ಗಿಡ ಪ್ರೋಗ್ರಾಮಿನಂತಿದೆ ಎಂಬುದನ್ನು ಒಪ್ಪಲಾರೆ.

ನೌಬಾದ್ ನಿವಾಸಿ

ಥಾಂಪ್ಸನ್ನರ ಪ್ರಯೋಗ ನನಗೆ ತಿಳಿದಿರಲಿಲ್ಲ. ನನ್ನ ವಾದವನ್ನು ಸಂಕೇತಪಟ್ಟಿಗೆ ಸೀಮಿತಗೊಳಿಸುತ್ತೇನೆ. ಆದರೆ ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಪ್ರೋಗ್ರಾಮ್? ಜೀವದ ಒಂದು ಒಗಟನ್ನು ಯಂತ್ರವೇ ಬಿಡಿಸಿದೆಯಲ್ಲ, 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು.

ಭೀಮಾತೀರ

ಈ ವಿಷಯದ ಮೇಲೆ ಕಾಲೇಜಿನಲ್ಲಿ ಒಂದು ಸೆಮಿನಾರ್ ಕೊಟ್ಟಿದ್ದೆ, ತಪ್ಪಿದ್ದರೆ ಹಿರಿಯರು ತಿದ್ದಬೇಕು. ಪ್ರೋಟೀನ್ ಎಂಬ ಅಮೈನೋ ಆಮ್ಲಗಳ ಸರಪಳಿ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದು ಪ್ರಶ್ನೆ. ಸರಪಳಿಯ ಕೀಲುಗಳು ಯಾವ ಕೋನಗಳಲ್ಲಿ ತಿರುಗಬಲ್ಲವು, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟರು. ರಾಮಚಂದ್ರನ್ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಸಾಧ್ಯವಾದವನ್ನು ಬಿಟ್ಟರೂ ಉಳಿಯುವ ಸಾಧ್ಯತೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ವಿಶ್ವದ ಆಯುಷ್ಯವೂ ಸಾಲದು ಎಂದು 1969ರಲ್ಲಿ ಲೆವಿಂತಾಲ್ ತೋರಿಸಿದ್ದರು. ಪ್ರೋಟೀನಿನ ಆಕಾರ ಊಹಿಸುವ 2020ರ ಕ್ಯಾಸ್ಪ್ ಸ್ಪರ್ಧೆಯಲ್ಲಿ ಆಲ್ಫಾಫೋಲ್ಡಿನ ಎರಡನೆಯ ಆವೃತ್ತಿ ಅನೇಕ ಪ್ರೋಟೀನುಗಳ ಆಕಾರವನ್ನು ಪ್ರಯೋಗಾಲಯದ ಅಳತೆಗೆ ಸರಿಗಟ್ಟುವಂತೆ ಹೇಳಿತು.

ನನಗೆ ಅತ್ಯಂತ ಇಷ್ಟವಾದದ್ದು ಅದರ ಆಹಾರ. ಅದು ಒಂದೇ ಪ್ರೋಟೀನಿನ ಅನುಕ್ರಮವನ್ನು ನೋಡಿ ಊಹಿಸುವುದಿಲ್ಲ. ಬೇರೆ ಬೇರೆ ಜೀವಿಗಳಲ್ಲಿರುವ ಅದರ ನೆಂಟ ಪ್ರೋಟೀನುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಳ್ಳುತ್ತದೆ. ಹೀಗೆ ಜೋಡಿಸುವ ಮೂಲ ವಿಧಾನ 1970ರ ನೀಡಲ್‌ಮನ್ ಮತ್ತು ವುನ್ಶ್ ಅವರದು. ಕನ್ನಡದ 'ತೊಗರಿ', ನಮ್ಮದೇ ಹಳೆಯ ರೂಪ 'ತೊವರಿ', ತಮಿಳಿನ 'ತುವರೈ' ಇವುಗಳನ್ನು ಒಂದರ ಕೆಳಗೊಂದು ಬರೆದು, ಎಲ್ಲಿ ಗಕಾರ ವಕಾರವಾಯಿತು, ಎಲ್ಲಿ ಸ್ವರ ಬದಲಾಯಿತು ಎಂದು ನೋಡುವ ಹಾಗೆ. ಪ್ರೋಟೀನಿನಲ್ಲಿ 20ನೆಯ ಜಾಗದ ಅಕ್ಷರ ಬದಲಾದಾಗಲೆಲ್ಲ 85ನೆಯದೂ ಬದಲಾಗಿದ್ದರೆ, ಮಡಚಿದ ಆಕಾರದಲ್ಲಿ ಅವೆರಡೂ ಅಕ್ಕಪಕ್ಕದಲ್ಲಿರಬೇಕೆಂದು ತರ್ಕಿಸಬಹುದು. ಒಂದು ಕೆಟ್ಟರೆ ಇನ್ನೊಂದು ಸರಿದೂಗಿಸಿಕೊಂಡ ಜೀವಿಗಳು ಮಾತ್ರ ಉಳಿದವು. ಉಳಿದವುಗಳ ಆ ದಾಖಲೆಯನ್ನು ಯಂತ್ರ ಓದುತ್ತದೆ.

ಬೇರುಕಾಂಡ

ತಿದ್ದುವುದೇನೂ ಇಲ್ಲ, ಒಂದು ಮಾತು ಸೇರಿಸುತ್ತೇನೆ. ಆ ಯಂತ್ರಕ್ಕೆ ಕಲಿಸಲು ಸುಮಾರು 1,70,000 ಪ್ರೋಟೀನ್ ರಚನೆಗಳು ಸಿದ್ಧವಿದ್ದವು. 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಪ್ರಪಂಚದ ಪ್ರಯೋಗಾಲಯಗಳು ಒಂದೊಂದಾಗಿ ಕೂಡಿಟ್ಟದ್ದು ಅದು, ಅವುಗಳಲ್ಲಿ ಬಹುಪಾಲಿನ ಹಿಂದೆ ಸ್ಫಟಿಕ ಬೆಳೆಸಿ ಕ್ಷಕಿರಣ ಹಾಯಿಸಿದ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ದುಡಿಮೆಯಿದೆ. ಪ್ರೋಟೀನಿನ ಆಕಾರದ ಗುರುತನ್ನು ವಿಕಾಸವೂ ಬರೆದಿಟ್ಟಿತ್ತು, ಮನುಷ್ಯರೂ ಬರೆದಿಟ್ಟಿದ್ದರು. ತೊಗರಿಯ ಸೀಳಿದ ಕಾಂಡದ ಗುರುತನ್ನು ಗಿಡ ಬರೆದಿಟ್ಟಿದೆ, ನಾವು ಇನ್ನೂ ಕೂಡಿಟ್ಟಿಲ್ಲ. ಎರೆಹೊಲ ಅವರ ಆ್ಯಪಿಗೂ ಆಲ್ಫಾಫೋಲ್ಡಿಗೂ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು. ಅಲ್ಗಾರಿದಮಿನ ಜಾಣತನ ಎರಡನೆಯ ಮಾತು.

ಎರೆಹೊಲ

ಎಲ್ಲವನ್ನೂ ಎರಡು ಸಲ ಓದಿದೆ. ತಮ್ಮನ ಮಗಳಿಗೂ ತೋರಿಸಿದೆ. ಆಂಟೆನಾದ ಮಾತಿಗೆ ಹಿಗ್ಗಿದವಳು ಸಂಪರ್ಕವಿಲ್ಲದ ಕೋಶಗಳ ಮಾತಿಗೆ ಸುಮ್ಮನಾದಳು, ಸೋತಳೆಂದು ನಾನು ಹೇಳುವುದಿಲ್ಲ.

ಆ ತಗ್ಗಿನ ಹೊಲಕ್ಕೆ ಈ ವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದ್ದೇನೆ. ಮೇಲಿನ ಹೊಲದಲ್ಲಿ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಿ ತೊಗರಿ ಹಾಕಿದ್ದೇನೆ. ಅಲ್ಲಿ ಗಿಡ ಬಾಡಿದರೆ, ಎಲೆಯ ಚಿತ್ರದ ಜೊತೆಗೆ ಸೀಳಿದ ಕಾಂಡದ ಚಿತ್ರವನ್ನೂ ತೆಗೆದು, ಹೊಲದ ಯಾವ ಮೂಲೆ, ಹಿಂದಿನ ಬೆಳೆ ಯಾವುದು ಎಂದು ಬರೆದಿಡಲು ಸಿದ್ಧನಿದ್ದೇನೆ. ಓಣಿಯ ಇನ್ನೂ ನಾಲ್ಕು ಜನ ಒಪ್ಪಿದ್ದಾರೆ. ಕಾಂಡವನ್ನು ಯಾವ ಎತ್ತರದಲ್ಲಿ ಸೀಳಬೇಕು? ಚೆನ್ನಾಗಿರುವ ಗಿಡವನ್ನೂ ಸೀಳಬೇಕೇ? ಕಾಯಿ ಕಟ್ಟಿದ ಗಿಡವನ್ನು ಕೀಳುವುದಕ್ಕೆ ಮನೆಯಲ್ಲಿ ಒಪ್ಪಿಸುವುದು ಕಷ್ಟ.

ಬೇರುಕಾಂಡ

ಬುಡದಿಂದ ಮೇಲಕ್ಕೆ ಒಂದು ಗೇಣಿನಷ್ಟು, ಬೇರಿನ ಕತ್ತೂ ಸೇರುವಂತೆ ಸೀಳಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ನೆರಳಿನಲ್ಲಿ ಚಿತ್ರ ತೆಗೆಯಿರಿ. ಚೆನ್ನಾಗಿರುವ ಗಿಡವೂ ಬೇಕೇ ಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಆರೋಗ್ಯ ಹೇಗಿರುತ್ತದೆ ಎಂಬುದೇ ತಿಳಿಯುವುದಿಲ್ಲ. ರೋಗದ ಹತ್ತು ಗಿಡಗಳಿಗೆ ಆರೋಗ್ಯದ ಹತ್ತು ಎಂದು ಲೆಕ್ಕ ಇಟ್ಟುಕೊಳ್ಳಿ. ಕಾಯಿ ಕಟ್ಟಿದ ಗಿಡವನ್ನು ಈಗಲೇ ಕೀಳಬೇಡಿ. ರಾಶಿಯ ಹೊತ್ತಿಗೆ ಕೊಯ್ದ ಕೂಡಲೇ, ಹೊಲದಲ್ಲಿ ಉಳಿದ ಬುಡ ಒಣಗುವ ಮೊದಲು ಸೀಳಿದರೂ ಆಗುತ್ತದೆ.

ಗಣಕಮೇಜು

ಚಿತ್ರಗಳಿಗೆ ಹೆಸರಿಡುವ ಒಂದು ಪದ್ಧತಿಯನ್ನು ಈ ವಾರ ಬರೆದು ಇಲ್ಲಿಯೇ ಹಾಕುತ್ತೇನೆ. ಒಂದೇ ಗಿಡದ ಎಲೆಯ ಚಿತ್ರವನ್ನೂ ಕಾಂಡದ ಚಿತ್ರವನ್ನೂ ಬೇರ್ಪಡಿಸಬೇಡಿ, ಎರಡಕ್ಕೂ ಒಂದೇ ಸಂಖ್ಯೆ ಇರಲಿ.